ಬೆಳಗಾವಿಯ ಸಂಗೀತ ಹಂಗಾಮು: ಯಾವ ಕಛೇರಿಗೆ ಹೋಗಬೇಕು, ಯಾವುದನ್ನು ಬಿಡಬಹುದು

ದಸರೆ ಮುಗಿದು ಮಳೆ ಹಿಂದೆ ಸರಿಯಿತೆಂದರೆ ಬೆಳಗಾವಿಯಲ್ಲಿ ಹಿಂದೂಸ್ತಾನಿ ಸಂಗೀತದ ಹಂಗಾಮು ಶುರು. ಅಲ್ಲಿಂದ ಹೋಳಿ ಹುಣ್ಣಿಮೆಯವರೆಗೆ ಶನಿವಾರ, ರವಿವಾರ ಬಂದರೆ ಸಾಕು, ಮೊಬೈಲಿಗೆ ಆಮಂತ್ರಣ ಪತ್ರಿಕೆಗಳು ಒಂದರ ಹಿಂದೊಂದು ಬಂದು ಬೀಳುತ್ತವೆ. ಪುಣೆಯಿಂದ ಬರುವ ಗಾಯಕಿ ಒಂದೆಡೆ, ಕೋಲ್ಕತ್ತದ ಸಿತಾರ್ ವಾದಕ ಇನ್ನೊಂದೆಡೆ, ಧಾರವಾಡದ ಹಿರಿಯರೊಬ್ಬರ ಬೈಠಕ್, ಅಂದರೆ ಜಮಖಾನೆಯ ಮೇಲೆ ಕುಳಿತು ಕೇಳುವ ಚಿಕ್ಕ ಕಛೇರಿ, ಮತ್ತೊಂದೆಡೆ. ಮೂರೂ ಸಂಜೆ ಆರಕ್ಕೇ. ಬಹಳ ಜನ ಪತ್ರಿಕೆಯಲ್ಲಿ ಯಾರ ಭಾವಚಿತ್ರ ದೊಡ್ಡದಾಗಿದೆಯೋ ಅತ್ತ ಹೊರಡುತ್ತಾರೆ. ನಾನು ಅತಿಥಿ ಕಲಾವಿದರ ಹೆಸರನ್ನು ಕೊನೆಗೆ ಓದುವವನು. ಮೊದಲು ನೋಡುವುದು ಎರಡನ್ನೇ: ಅವರಿಗೆ ಎಷ್ಟು ಹೊತ್ತು ಕೊಟ್ಟಿದ್ದಾರೆ, ಅವರ ಪಕ್ಕದಲ್ಲಿ ಯಾರು ಕೂರುತ್ತಾರೆ. ದೊಡ್ಡ ಹೆಸರು, ಕಡಿಮೆ ಹೊತ್ತು, ಅವಸರದ ಸಾಥ್ (ಪಕ್ಕವಾದ್ಯ) ಇವು ಮೂರೂ ಸೇರಿದರೆ ಮನೆಯಲ್ಲಿ ಕುಳಿತು ಹಳೆಯ ಧ್ವನಿಮುದ್ರಿಕೆ ಕೇಳುವುದೇ ಲೇಸು.

ಹೊತ್ತಿನ ಲೆಕ್ಕ

ಪತ್ರಿಕೆಯಲ್ಲಿ ‘ಸಂಜೆ 5.30ಕ್ಕೆ’ ಎಂದಿದ್ದು, ಅದರ ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಸನ್ಮಾನಿತರು ಎಂದು ಹೆಸರುಗಳು ಸಾಲುಗಟ್ಟಿದ್ದರೆ ಮೊದಲ ಷಡ್ಜ ಕಿವಿಗೆ ಬೀಳುವುದು ಏಳಕ್ಕೆ ಎಂದು ತಿಳಿಯಿರಿ. ದೀಪ ಬೆಳಗಬೇಕು, ಶಾಲು ಹೊದಿಸಬೇಕು, ಹಾರ ಹಾಕಬೇಕು, ಹಾರ ಹಾಕಿದವರಿಗೂ ಒಂದು ಹಾರ ಬೀಳಬೇಕು. ಅತ್ತ ಒಂಬತ್ತೂವರೆಗೆ ಸಭಾಂಗಣ ಬಿಟ್ಟುಕೊಡಬೇಕು. ಉಳಿದ ಎರಡೂವರೆ ಗಂಟೆಯಲ್ಲಿ ಮೂವರು ಕಲಾವಿದರಿದ್ದರೆ ತಲಾ ಐವತ್ತು ನಿಮಿಷ.

ಐವತ್ತು ನಿಮಿಷ ಕಡಿಮೆಯೇನಲ್ಲ ಎನ್ನಿಸಬಹುದು. ವಿಲಂಬಿತ, ಅಂದರೆ ನಿಧಾನ ಲಯದ, ಏಕತಾಲದ ಹನ್ನೆರಡು ಮಾತ್ರೆಗಳ (ಎಣಿಕೆಗಳ) ಒಂದು ಆವರ್ತನಕ್ಕೆ, ಗಾಯಕರು ತೀರಾ ನಿಧಾನ ಲಯ ಹಿಡಿದರೆ, ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಐವತ್ತರಲ್ಲಿ ಬಡಾ ಖ್ಯಾಲಿಗೆ, ಅಂದರೆ ರಾಗವನ್ನು ನಿಧಾನವಾಗಿ ಬಿಡಿಸುವ ಮೊದಲ ಹಾಡಿಗೆ, ಇಪ್ಪತ್ತೈದು ನಿಮಿಷ ಸಿಕ್ಕರೂ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಮುಟ್ಟುವ ಅವಕಾಶ ಇಪ್ಪತ್ತೈದು, ಮೂವತ್ತು ಸಲ ಮಾತ್ರ. ಅಷ್ಟರೊಳಗೆ ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ನೆಲೆಯೂರಿ, ಒಂದೊಂದೇ ಸ್ವರವನ್ನು ಬಿಡಿಸಿ, ತಾರ ಷಡ್ಜಕ್ಕೆ ಏರಿ, ಬೋಲ್ ತಾನು, ತಾನು ಎಂಬ ವೇಗದ ಸ್ವರಗುಚ್ಛಗಳನ್ನು ಮುಗಿಸಿ ಚುರುಕು ಲಯದ ಛೋಟಾ ಖ್ಯಾಲಿಗೆ ಇಳಿಯಬೇಕು. ಕಿರಾಣಾ ಘರಾಣೆಯವರಿಗೆ (ಘರಾಣೆ ಎಂದರೆ ಗುರುಪರಂಪರೆಯ ಶೈಲಿ) ಇದು ಶಿಕ್ಷೆಯೇ ಸರಿ. ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಎಂದು ಬಂದ ಆ ಪರಂಪರೆಯ ಜೀವವೇ ನಿಧಾನವಾದ ಬಢತ್‌ನಲ್ಲಿದೆ, ಅಂದರೆ ರಾಗವನ್ನು ಹಂತ ಹಂತವಾಗಿ ಬೆಳೆಸುವುದರಲ್ಲಿದೆ. ಅದನ್ನು ಕತ್ತರಿಸಿದರೆ ಉಳಿಯುವುದು ತಾನುಗಳ ಗದ್ದಲ.

ಗ್ವಾಲಿಯರ್ ಮತ್ತು ಜೈಪುರ–ಅತ್ರೌಲಿ ಘರಾಣೆಯವರು ಚಿಕ್ಕ ಅವಧಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತಾರೆ. ಅವರ ವಿಲಂಬಿತವೇ ಸ್ವಲ್ಪ ಚುರುಕು, ಬಂದಿಶ್‌ನ (ಹಾಡಿನ ರಚನೆಯ) ಚೌಕಟ್ಟು ಬಿಗಿ. ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಇದು ಗೊತ್ತು: ಉದ್ದನೆಯ ಪೀಠಿಕೆಯಿಲ್ಲದೆ ನೇರವಾಗಿ ಬಂದಿಶ್ ಹಿಡಿದು, ಅರ್ಧ ಗಂಟೆಯೊಳಗೆ ಅಪರೂಪದ ರಾಗವೊಂದನ್ನು ಕೊರತೆಯಿಲ್ಲದಂತೆ ಕಟ್ಟಿ ಇಳಿಸುತ್ತಿದ್ದರು. ಆದ್ದರಿಂದ ಮೂರು ನಾಲ್ಕು ಜನ ಹಾಡುವ ಉತ್ಸವದಲ್ಲಿ ಜೈಪುರದವರನ್ನೋ ಗ್ವಾಲಿಯರ್‌ನವರನ್ನೋ ಆರಿಸಿ. ಒಬ್ಬರೇ ಕಲಾವಿದರಿಗೆ ಪೂರ್ತಿ ಸಂಜೆ ಕೊಟ್ಟಿರುವಲ್ಲಿಗೆ ಕಿರಾಣಾದವರನ್ನು ಕೇಳಲು ಹೋಗಿ. ಯಾವ ಘರಾಣೆಯೆಂದು ಪತ್ರಿಕೆಯಲ್ಲಿ ಬರೆದಿರದಿದ್ದರೆ ಗುರುಗಳ ಹೆಸರು ಇದ್ದೇ ಇರುತ್ತದೆ. ಅದರಿಂದ ತಿಳಿಯುತ್ತದೆ.

ಪಕ್ಕದಲ್ಲಿ ಕೂರುವವರು

ನಮ್ಮೂರಿನ ಕಛೇರಿಗಳ ನಿಜವಾದ ಸ್ವಾರಸ್ಯ ಇಲ್ಲಿದೆ. ಅತಿಥಿ ಗಾಯಕರು ಸಾಮಾನ್ಯವಾಗಿ ಒಬ್ಬರೇ ಅಥವಾ ಶಿಷ್ಯರೊಬ್ಬರ ಜೊತೆ ಬರುತ್ತಾರೆ. ತಬಲಾ, ಹಾರ್ಮೋನಿಯಂ ಊರಿನವರದು, ಹೆಚ್ಚೆಂದರೆ ಧಾರವಾಡದವರದು. ಇಬ್ಬರೂ ಪರಸ್ಪರ ಮುಖ ನೋಡುವುದು ವೇದಿಕೆಯ ಹಿಂದಿನ ಕೋಣೆಯಲ್ಲಿ, ಕಛೇರಿಗೆ ಮುಕ್ಕಾಲು ಗಂಟೆ ಮೊದಲು. ಮೊದಲ ಪ್ರಶ್ನೆ ಒಂದೇ: “ಶ್ರುತಿ ಯಾವುದು?” ಗಾಯಕರು ಕರಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಎನ್ನುತ್ತಾರೆ, ಗಾಯಕಿಯರು ಕರಿ ನಾಲ್ಕೋ ಐದೋ ಎನ್ನುತ್ತಾರೆ. ತಬಲಾದವರ ಚೀಲದಲ್ಲಿ ಆ ಸ್ವರಕ್ಕೆ ಹೊಂದುವ ದಾಯಾಂ, ಅಂದರೆ ಬಲಗೈಯ ತಬಲಾ, ಇರಬೇಕು. ಕರಿ ಒಂದಕ್ಕೆ ಕಟ್ಟಿದ ಅಗಲ ಬಾಯಿಯ ತಬಲಾವನ್ನು ಸುತ್ತಿಗೆಯಿಂದ ಹೊಡೆದು ಹೊಡೆದು ಕರಿ ಐದಕ್ಕೆ ಏರಿಸಲು ಆಗುವುದಿಲ್ಲ. ಹಠ ಮಾಡಿದರೆ ಚರ್ಮ ಹರಿಯುತ್ತದೆ. ಅದಕ್ಕೇ ಅನುಭವಿಗಳು ಎರಡು ಮೂರು ದಾಯಾಂ ಹೊತ್ತುಕೊಂಡು ಬರುತ್ತಾರೆ.

ಬೆಳಗಾವಿಯ ಹವೆ ಬೇರೆ ಕಾಡುತ್ತದೆ. ಮಳೆಗಾಲದ ತೇವ ಇನ್ನೂ ಆರದ ಆಶ್ವಿನ, ಕಾರ್ತಿಕದಲ್ಲಿ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ. ಮೇಲಿನಿಂದ ವೇದಿಕೆಯ ದೀಪಗಳ ಬಿಸಿ ತಾಗಿದರೆ ಅದೇ ಚರ್ಮ ಬಿಗಿದು ಸ್ವರ ಏರುತ್ತದೆ. ಬಡಾ ಖ್ಯಾಲ್ ಮುಗಿದ ಕೂಡಲೇ ತಬಲಾದವರು ಸುತ್ತಿಗೆ ಎತ್ತಿ ಅಂಚಿನ ಗಜರಾದ (ಹೆಣೆದ ಚರ್ಮದ ಬಳೆಯ) ಮೇಲೆ ಟಕ್ ಟಕ್ ಎಂದು ತಟ್ಟುತ್ತ ಸುತ್ತು ಬರುವುದು ಇದಕ್ಕಾಗಿ. ಆ ಎರಡು ನಿಮಿಷ ಗೊಣಗಬೇಡಿ. ಹಾಗೆ ಮಾಡದವರ ಸಾಥ್‌ಗಿಂತ ಮಾಡುವವರದು ನೂರು ಪಾಲು ಮೇಲು.

ಹಾಗಾದರೆ ಅತಿಥಿಗಳು ತಮ್ಮದೇ ಸಾಥಿದಾರರನ್ನು ಕರೆತಂದರೆ ಒಳ್ಳೆಯದೇ, ಊರಿನವರ ಜೊತೆ ಕೂತರೆ ಒಳ್ಳೆಯದೇ? ವಾದ್ಯ ಸಂಗೀತಕ್ಕಾದರೆ ತಮ್ಮವರನ್ನೇ ಕರೆತರಲಿ. ಸಿತಾರ್, ಸರೋದ್‌ಗಳಲ್ಲಿ ತಿಹಾಯಿಗಳ (ಮೂರು ಸಲ ಮರಳಿಸಿ ಮುಗಿಸುವ ತುಣುಕುಗಳ) ಲೆಕ್ಕ, ಸವಾಲ್–ಜವಾಬ್, ಕೊನೆಯ ಝಾಲಾದ ವೇಗದ ಓಟ ಇವಕ್ಕೆಲ್ಲ ಹಳೆಯ ಒಡನಾಟ ಬೇಕು. ಹಾಡುಗಾರಿಕೆಯಲ್ಲಿ ನನ್ನ ಮತ ತದ್ವಿರುದ್ಧ. ವರ್ಷವಿಡೀ ಜೊತೆಗೆ ತಿರುಗುವ ತಂಡದಲ್ಲಿ ಎಲ್ಲವೂ ನಯವಾಗಿ ಹೊಂದಿರುತ್ತದೆ, ಆದರೆ ಯಾರಿಗೂ ಯಾರ ಮೇಲೂ ಆಶ್ಚರ್ಯವಿರುವುದಿಲ್ಲ. ಊರಿನ ಹಾರ್ಮೋನಿಯಂ ವಾದಕರಿಗೆ ಗಾಯಕರು ಮುಂದೆ ಯಾವ ಸ್ವರಕ್ಕೆ ಹೋಗುತ್ತಾರೆಂದು ಗೊತ್ತಿಲ್ಲ, ಕಿವಿಗೊಟ್ಟು ಕೇಳಲೇಬೇಕು. ಗಾಯಕರಿಗೂ ಇವರನ್ನು ಒಲಿಸಿಕೊಂಡು ಹೋಗಬೇಕು. ಮೊದಲ ಹತ್ತು ನಿಮಿಷ ಇಬ್ಬರೂ ಅಳೆಯುತ್ತಾರೆ. ಆಮೇಲೆ ಒಂದು ಕಡೆ ಗಾಯಕರು ಬಿಟ್ಟ ಸ್ವರವನ್ನು ಹಾರ್ಮೋನಿಯಂ ಎತ್ತಿ ಹಿಡಿದಾಗ ಅವರು ಅತ್ತ ತಿರುಗಿ ‘ಕ್ಯಾ ಬಾತ್ ಹೈ’ ಎನ್ನುತ್ತಾರಲ್ಲ, ಅದಕ್ಕೆ ತಾಲೀಮು ಇಲ್ಲ.

ಈ ಊರಿಗೆ ಆ ವಿಷಯದಲ್ಲಿ ದೊಡ್ಡ ಪರಂಪರೆಯೇ ಇದೆ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ, ಬೆಳಗಾವಿಯಲ್ಲೇ ನೆಲೆನಿಂತು, ಇಲ್ಲಿಯೇ ಸಂಗೀತ ಶಾಲೆ ನಡೆಸಿದ ಪಂಡಿತ ರಾಮಭಾವು ವಿಜಾಪುರೆಯವರು 2010ರಲ್ಲಿ ತೀರಿಕೊಳ್ಳುವವರೆಗೆ ಎಷ್ಟು ತಲೆಮಾರುಗಳ ಗಾಯಕರಿಗೆ ಹಾರ್ಮೋನಿಯಂ ಸಾಥ್ ನೀಡಿದರೋ ಲೆಕ್ಕವಿಲ್ಲ. ನೆನಪಿಡಬೇಕಾದ ಸಂಗತಿಯೆಂದರೆ, ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂಗೆ ನಿಷೇಧ ಹೇರಿತು. ಅದು ಸಡಿಲವಾದದ್ದು 1971ರಲ್ಲಿ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬಾರದ, ಸ್ವರಗಳು ಜಡವಾಗಿ ಕೂತ ಪರದೇಶದ ಪೆಟ್ಟಿಗೆ ಎಂಬುದು ಆಕ್ಷೇಪ. ಆ ಮೂರು ದಶಕಗಳಲ್ಲಿ ಈ ವಾದ್ಯದ ಮಾನ ಕಾಯ್ದದ್ದು ಬಾನುಲಿಯಲ್ಲ, ಇಂಥ ಊರುಗಳ ಬೈಠಕ್‌ಗಳು ಮತ್ತು ನಾಟಕ ಕಂಪನಿಗಳು. ವಿಜಾಪುರೆಯವರ ಶಿಷ್ಯರು ಇಂದು ಬೆಂಗಳೂರು, ಪುಣೆಯವರೆಗೂ ಹರಡಿದ್ದಾರೆ. ಪತ್ರಿಕೆಯಲ್ಲಿ ಹಾರ್ಮೋನಿಯಂ ಎದುರಿಗೆ ಆ ಪರಂಪರೆಯ ಹೆಸರು ಕಂಡರೆ, ಗಾಯಕರು ಹೊಸಬರಾದರೂ ನಾನು ಹೋಗುತ್ತೇನೆ.

ಇನ್ನೊಂದು ಗುಟ್ಟು ತಂಬೂರಿ. ಪತ್ರಿಕೆಯಲ್ಲಿ ತಂಬೂರಿಗೆ ಕೂರುವವರ ಹೆಸರನ್ನೂ ಹಾಕಿದ್ದರೆ ಸಂಘಟಕರು ಬಲ್ಲವರು ಎಂದರ್ಥ. ತಂಬೂರಿ ಮಾಡುವ ಮಿರಜ್ ನಮ್ಮಿಂದ ರೈಲಿನಲ್ಲಿ ಮೂರು ಗಂಟೆಯ ದಾರಿ. ಅಲ್ಲಿಯ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇಷ್ಟು ಹತ್ತಿರವಿದ್ದೂ ವೇದಿಕೆಯ ಮೇಲೆ ವಿದ್ಯುನ್ಮಾನ ಪೆಟ್ಟಿಗೆಯೊಂದನ್ನೇ ಇಟ್ಟು ಕೈತೊಳೆದುಕೊಳ್ಳುವುದು ಸೋಮಾರಿತನ.

ದೊಡ್ಡ ಸಭಾಂಗಣವೋ, ಜಮಖಾನೆಯೋ

ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ನಮ್ಮಲ್ಲಿದೆ. ಲೋಕಮಾನ್ಯ ರಂಗಮಂದಿರವಿದೆ. ಕಾಲೇಜುಗಳ ಸಭಾಂಗಣಗಳಿವೆ. ವಾದ್ಯ ಸಂಗೀತ, ಜುಗಲಬಂದಿ, ನಾಟ್ಯಗೀತೆಗಳಿಗೆ ಇಂಥ ಜಾಗ ಸರಿ. ಆಸನ ಆರಿಸುವ ಅವಕಾಶವಿದ್ದರೆ ಮೊದಲ ಎರಡು ಸಾಲು ಬಿಡಿ. ಅಲ್ಲಿ ಧ್ವನಿವರ್ಧಕ ಒಂದು ಕಿವಿಗೆ ಮಾತ್ರ ಕೂಗುತ್ತದೆ, ಜೊತೆಗೆ ಗಣ್ಯರು ಎದ್ದು ಹೋಗುವ ದಾರಿಯೂ ಅದೇ. ಧ್ವನಿ ವ್ಯವಸ್ಥೆಯವರು ಕೂರುವ ಮೇಜಿನ ಆಸುಪಾಸಿನಲ್ಲಿ ಕೂರಿ. ಅವರು ತಮ್ಮ ಕಿವಿಗೆ ಸರಿಹೋಗುವಂತೆ ಹೊಂದಿಸಿರುತ್ತಾರೆ, ಅದರ ಲಾಭ ನಿಮಗೂ ಸಿಗುತ್ತದೆ.

ಖ್ಯಾಲಿಗೆ ಜಮಖಾನೆಯೇ ಸೈ. ಯಾರದೋ ಮನೆಯ ಪಡಸಾಲೆ, ಹಳೆಯ ವಾಚನಾಲಯದ ಮಾಳಿಗೆ, ಸಂಗೀತ ಶಾಲೆಯ ಕೋಣೆ ಯಾವುದಾದರೂ ಆದೀತು. ಎಂಬತ್ತು ಜನರಿಗಿಂತ ಹೆಚ್ಚಿಗೆ ಹಿಡಿಯದ ಜಾಗದಲ್ಲಿ ಗಾಯಕರು ಗಂಟಲು ಏರಿಸಬೇಕಿಲ್ಲ. ಮಂದ್ರ ಪಂಚಮದ ಗುಂಗು ಮೈಕಿನಲ್ಲಿ ದಪ್ಪಗಾಗಿ ಕೇಳುವುದಕ್ಕೂ ಎದುರಿಗೆ ಕುಳಿತು ಕೇಳುವುದಕ್ಕೂ ಹೋಲಿಕೆಯೇ ಇಲ್ಲ. ತಬಲಾ ಗಾಯಕರ ಬಲಕ್ಕೆ, ಹಾರ್ಮೋನಿಯಂ ಎಡಕ್ಕೆ ಇರುತ್ತದೆ. ನೀವು ನಿಮ್ಮ ಬಲಬದಿಗೆ, ಅಂದರೆ ಹಾರ್ಮೋನಿಯಂ ಇರುವ ಕಡೆ ಕುಳಿತರೆ ಎದುರಿಗೆ ತಬಲಾದವರ ಮುಖ ಮತ್ತು ಕೈ ಎರಡೂ ಕಾಣುತ್ತವೆ. ಗಾಯಕರು ಲೆಕ್ಕ ತಪ್ಪಿಸಲು ನೋಡಿದಾಗ ಆ ಮುಖದಲ್ಲಿ ಮೂಡುವ ನಗೆಯೂ ಕಛೇರಿಯ ಭಾಗವೇ.

ಮಂಡಿನೋವಿನವರಿಗೆ ಬೈಠಕ್ ಕಷ್ಟ, ನಿಜ. ಗೋಡೆ ಬದಿಗೆ ನಾಲ್ಕು ಕುರ್ಚಿ ಹಾಕಿರುತ್ತಾರೆ. ಅವು ಬೇಕೆಂದರೆ ಅರ್ಧ ಗಂಟೆ ಮೊದಲೇ ಹೋಗಬೇಕು.

ಸರ್ಕಾರದ ಉತ್ಸವಗಳ ಮಾತು ಬೇರೆ. ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವ, ನಡೆದ ವರ್ಷಗಳಲ್ಲಿ ಬಾಗಲಕೋಟೆ ಜಿಲ್ಲೆಯ ಚಾಲುಕ್ಯ ಉತ್ಸವ, ವಿಜಯಪುರದ ನವರಸಪುರ ಉತ್ಸವ, ಎಲ್ಲವೂ ಬಯಲಿನ ಜಾತ್ರೆಗಳು. ಹೆಸರಾಂತರು ಬರುತ್ತಾರೆ, ಪ್ರವೇಶ ಮುಕ್ತ, ಹಿನ್ನೆಲೆಯಲ್ಲಿ ಸ್ಮಾರಕ. ಆದರೆ ಇಂಥ ಬಯಲು ವೇದಿಕೆಗಳಲ್ಲಿ ಶಾಸ್ತ್ರೀಯ ಗಾಯನಕ್ಕೆ ಸಾಮಾನ್ಯವಾಗಿ ಸಿಗುವುದು ಜನ ಇನ್ನೂ ಬಂದು ಸೇರದ ಹೊತ್ತು. ಚಿತ್ರಗೀತೆಯವರು ಬರುವ ಮೊದಲು ಜಾಗ ತುಂಬಿಸುವ ಕೆಲಸ. ತಂಬೂರಿ ಹಿಡಿದು ಹಾಡಿದ, ‘ಕಿತಾಬ್-ಎ-ನೌರಸ್’ ಬರೆದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಊರಿನಲ್ಲಿ ಸಂಗೀತಕ್ಕೆ ಇನ್ನಷ್ಟು ಒಳ್ಳೆಯ ಹೊತ್ತು ಸಿಗಬೇಕಿತ್ತು. ಮನೆಮಂದಿಯನ್ನೆಲ್ಲ ಕರೆದುಕೊಂಡು ತಿರುಗಾಡಿ ಬರಲು ಇವು ಚೆಂದ. ಸಂಗೀತಕ್ಕಾಗಿಯೇ ಅಷ್ಟು ದೂರ ಹೋಗಬೇಕೆಂದು ನಾನು ಹೇಳಲಾರೆ.

ಬೆಳಗಿನ ಕಛೇರಿ ಸಿಕ್ಕರೆ ಬಿಡಬೇಡಿ

ಸಂಜೆ ಆರರಿಂದ ಹತ್ತರವರೆಗೆ ಹಾಡುವವರಿಗೆ ಮಾರವಾ, ಪೂರಿಯಾ, ಯಮನ್, ಬಾಗೇಶ್ರೀ ಇಷ್ಟರ ಸುತ್ತಲೇ ರಾಗಗಳು ಸಿಗುತ್ತವೆ. ಹಂಗಾಮಿನಲ್ಲಿ ಹತ್ತು ಸಂಜೆ ಹೋದವರು ಯಮನ್ ನಾಲ್ಕು ಸಲವಾದರೂ ಕೇಳಿರುತ್ತಾರೆ. ತೋಡಿ, ಭೈರವ, ಜೌನ್‌ಪುರಿ, ಶುದ್ಧ ಸಾರಂಗ ಇವೆಲ್ಲ ಬರೀ ಸಂಜೆಯ ಶ್ರೋತೃಗಳ ಪಾಲಿಗೆ ಇಲ್ಲದಂತೆಯೇ. ದರಬಾರಿ, ಮಾಲಕೌಂಸಗಳೂ ಅಪರೂಪವಾಗುತ್ತಿವೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ರಾಜ್ಯ ಸರ್ಕಾರ ಕೆಲವು ದಿನಗಳ ಮಟ್ಟಿಗೆ ನಡುರಾತ್ರಿಯವರೆಗೆ ಬಿಟ್ಟುಕೊಟ್ಟರೆ ಮಾತ್ರ ಉಂಟು. ಮುಚ್ಚಿದ ಸಭಾಂಗಣಕ್ಕೆ ಈ ನಿರ್ಬಂಧವಿಲ್ಲ. ಆದರೆ ಅಲ್ಲಿ ಬೀಗ ಹಾಕುವವರ ನಿರ್ಬಂಧವಿರುತ್ತದೆ.

ಆದ್ದರಿಂದ ಒಂದೇ ವಾರದಲ್ಲಿ ಶನಿವಾರ ಸಂಜೆಯ ಕಛೇರಿ ಮತ್ತು ರವಿವಾರ ಬೆಳಗಿನ ಕಛೇರಿ ಎರಡೂ ಇದ್ದು, ಒಂದಕ್ಕೆ ಮಾತ್ರ ಮನೆಯಿಂದ ಅನುಮತಿ ಸಿಗುವಂತಿದ್ದರೆ, ಬೆಳಗಿನದನ್ನೇ ಆರಿಸಿ. ಜನ ಕಡಿಮೆ, ಭಾಷಣ ಕಡಿಮೆ, ಕಲಾವಿದರ ಕಂಠ ತಾಜಾ. ದೀಪಾವಳಿಯ ಪಹಾಟ್ (ನಸುಕಿನ) ಕಾರ್ಯಕ್ರಮಗಳನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಅಭಂಗ, ನಾಟ್ಯಗೀತೆ, ಭಾವಗೀತೆಗಳ ಮಿಶ್ರಣ. ಎಣ್ಣೆ ಸ್ನಾನ ಮುಗಿಸಿ, ಹೊಸ ಬಟ್ಟೆ ತೊಟ್ಟು, ಫರಾಳ (ಹಬ್ಬದ ತಿಂಡಿ) ತಿನ್ನುತ್ತ ಕೇಳಲು ಅದೇ ಸರಿ. ಅಲ್ಲಿ ಅರ್ಧ ಗಂಟೆಯ ತೋಡಿ ನಿರೀಕ್ಷಿಸುವವರು ತಾವೂ ಕೆಡುತ್ತಾರೆ, ಪಕ್ಕದವರನ್ನೂ ಕೆಡಿಸುತ್ತಾರೆ.

ಗಾಯನ, ವಾದನ, ಜುಗಲಬಂದಿ

ಮೊದಲ ಸಲ ಶಾಸ್ತ್ರೀಯ ಸಂಗೀತಕ್ಕೆ ಬರುವವರನ್ನು ಬಾನ್ಸುರಿ ಅಥವಾ ಸಿತಾರಿಗೆ ಕರೆದುಕೊಂಡು ಹೋಗಿ. ಸಾಹಿತ್ಯ ತಿಳಿಯಲಿಲ್ಲ ಎಂಬ ಅಳುಕಿಲ್ಲ, ನಿಧಾನದಿಂದ ವೇಗಕ್ಕೆ ಏರುವ ದಾರಿ ಕಣ್ಣಿಗೂ ಕಾಣುತ್ತದೆ. ಮಕ್ಕಳಿಗೆ ತಬಲಾ ಸೋಲೋ ಇನ್ನೂ ಒಳ್ಳೆಯದು. ಹಿಂದಿಯೋ ಬ್ರಜ್ ಭಾಷೆಯೋ ತಿಳಿಯದ ಹಿರಿಯರಿಗೆ ದಾಸವಾಣಿ, ವಚನ ಗಾಯನ. ಬಸವಣ್ಣನ ವಚನ ರಾಗದಲ್ಲಿ ಕೇಳುವಾಗ ಈ ಭಾಗದವರಿಗೆ ವಿವರಣೆ ಬೇಕಿಲ್ಲ.

ನಾಟ್ಯಸಂಗೀತವನ್ನು ಬೆಳಗಾವಿಯಲ್ಲಿ ಕೇಳುವುದಕ್ಕೆ ಬೇರೆಯೇ ರುಚಿಯಿದೆ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡ ವೃತ್ತಿ ರಂಗಭೂಮಿಯ ಏಣಗಿ ಬಾಳಪ್ಪನವರೂ ಇದೇ ಜಿಲ್ಲೆಯವರು. ಸಭೆಯಲ್ಲಿ ಅರ್ಧ ಜನ ಮರಾಠಿ ಪದಕ್ಕೆ, ಅರ್ಧ ಜನ ಕನ್ನಡ ರಂಗಗೀತೆಗೆ ಒನ್ಸ್‌ಮೋರ್ ಕೂಗುತ್ತಾರೆ. ರಾಗ ಎರಡಕ್ಕೂ ಒಂದೇ ಆಗಿರುವುದು ಉಂಟು.

ಜುಗಲಬಂದಿಗೆ ಮಾತ್ರ ಎಚ್ಚರ. ಇಬ್ಬರು ಅತಿಥಿಗಳು ಎಂದರೆ ದುಪ್ಪಟ್ಟು ಸಂಗೀತವಲ್ಲ. ಎಷ್ಟೋ ಸಲ ಅರ್ಧರ್ಧ. ಕರ್ನಾಟಕಿ ಮತ್ತು ಹಿಂದೂಸ್ತಾನಿಯವರು ಜೊತೆಗೆ ಕೂತರೆ ಎರಡೂ ಕಡೆ ಸಲ್ಲುವ ರಾಗ ಬೇಕು: ಯಮನ್–ಕಲ್ಯಾಣಿ, ಭೂಪ–ಮೋಹನ, ಮಾಲಕೌಂಸ–ಹಿಂದೋಳ. ಈ ಮೂರು ಜೋಡಿಯಲ್ಲೇ ಬಹುಪಾಲು ಕಾರ್ಯಕ್ರಮಗಳು ಮುಗಿಯುತ್ತವೆ. ಗಾಯಕ, ಗಾಯಕಿ ಜೊತೆಯಾಗಿ ಹಾಡುವಾಗ ಶ್ರುತಿಯ ಅಡ್ಡಿ. ಇದಕ್ಕೆ ಪಂಡಿತ ಜಸರಾಜರು ಜಸರಂಗಿ ಎಂಬ ಪರಿಹಾರ ಕಂಡುಕೊಂಡರು. ಅದರಲ್ಲಿ ಗಾಯಕಿಯ ಮಧ್ಯಮವೇ ಗಾಯಕನ ಷಡ್ಜ. ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲಿ ಬೇರೆ ಬೇರೆ ರಾಗ ಹಾಡುತ್ತಾರೆ, ಸ್ವರಗಳು ಮಾತ್ರ ಒಂದೇ ಕಡೆ ಬಂದು ಕೂರುತ್ತವೆ. ಜಸರಂಗಿ ಎಂದು ಪತ್ರಿಕೆಯಲ್ಲಿ ಕಂಡರೆ ಒಮ್ಮೆ ಹೋಗಿ ನೋಡಿ, ಮೂಲ ಯೋಚನೆಯೇ ಸೊಗಸು. ‘ಫ್ಯೂಷನ್’ ಎಂದು ಕಂಡರೆ ನಿಮ್ಮ ಮಕ್ಕಳನ್ನು ಕಳಿಸಿ.

ಊರ ಹೊರಗೆ

ಒಂದು ರಾತ್ರಿ ನಿದ್ದೆ ಬಿಡುವ ಶಕ್ತಿಯಿದ್ದರೆ ಧಾರವಾಡ ಜಿಲ್ಲೆಯ ಕುಂದಗೋಳ. ಸವಾಯಿ ಗಂಧರ್ವರ ನೆನಪಿನಲ್ಲಿ ನಾಡಗೀರ ವಾಡೆಯಲ್ಲಿ ಅಹೋರಾತ್ರಿ ನಡೆಯುವ ಸಂಗೀತೋತ್ಸವದಲ್ಲಿ ನಡುರಾತ್ರಿಯ ರಾಗ ನಡುರಾತ್ರಿಗೇ ಸಿಗುತ್ತದೆ. ಅದೊಂದಕ್ಕೇ ಆ ಪ್ರಯಾಣ ಸಾರ್ಥಕ. ಪುಣೆಯಲ್ಲಿ 1953ರಿಂದ ಡಿಸೆಂಬರಿನಲ್ಲಿ ನಡೆಯುತ್ತ ಬಂದಿರುವ ಸವಾಯಿ ಗಂಧರ್ವ ಮಹೋತ್ಸವ ದೊಡ್ಡದು, ಟಿಕೆಟ್ಟು, ವಸತಿ, ಪ್ರಯಾಣ ಸೇರಿ ಖರ್ಚೂ ದೊಡ್ಡದು. ಸಾವಿರಾರು ಜನರ ನಡುವೆ ಪರದೆಯ ಮೇಲೆ ಕಲಾವಿದರನ್ನು ನೋಡಬೇಕು. ಅಲ್ಲಿ ಹಾಡಿದವರು ಅದೇ ಹಂಗಾಮಿನಲ್ಲಿ ಧಾರವಾಡಕ್ಕೋ ನಮ್ಮೂರಿಗೋ ಬರುವುದು ಅಪರೂಪವೇನಲ್ಲ. ಧಾರವಾಡ ಎರಡು ತಾಸಿನ ಹಾದಿ, ರಾತ್ರಿ ಮರಳಲು ಬಸ್ಸು ಸಿಗುತ್ತದೆ. ಮಿರಜ್‌ನ ದರ್ಗಾದಲ್ಲಿ ಉರುಸಿನ ಸಂದರ್ಭದಲ್ಲಿ ಅಬ್ದುಲ್ ಕರೀಂ ಖಾನರ ಸ್ಮರಣೆಗೆ ಕಲಾವಿದರು ಹಾಡುವ ಸಂಪ್ರದಾಯವಿದೆ. ಶಾಲು, ಹಾರಗಳ ಗೊಡವೆಯಿಲ್ಲದ ಆ ಸೇವೆ ಕಿರಾಣಾ ಪ್ರಿಯರಿಗೆ ಬೇರೆ ಯಾವುದಕ್ಕಿಂತಲೂ ಹಿಡಿಸೀತು.

ಸದಸ್ಯತ್ವವೋ, ಬಿಡಿ ಟಿಕೆಟ್ಟೋ

ಬೆಳಗಾವಿಯ ಬಹುತೇಕ ಕಛೇರಿಗಳಿಗೆ ಪ್ರವೇಶ ಮುಕ್ತ, ಕೆಲವಕ್ಕೆ ಪಾಸು, ಇನ್ನು ಕೆಲವಕ್ಕೆ ದುಡ್ಡು. ವರ್ಷಕ್ಕೆ ಎರಡು ಮೂರು ದೊಡ್ಡ ಹೆಸರುಗಳನ್ನು ಮಾತ್ರ ಕೇಳುವವರು ಬಿಡಿ ಟಿಕೆಟ್ಟನ್ನೇ ಕೊಳ್ಳಲಿ. ಸಂಗೀತ ಸಂಸ್ಥೆಯೊಂದರ ವಾರ್ಷಿಕ ಸದಸ್ಯತ್ವದ ಲಾಭ ಇರುವುದು ದೊಡ್ಡ ಕಛೇರಿಗಳಲ್ಲಲ್ಲ, ಮಾಸಿಕ ಬೈಠಕ್‌ಗಳಲ್ಲಿ. ಹೊರಗೆ ಜಾಹೀರಾತೇ ಇಲ್ಲದೆ, ಸದಸ್ಯರಿಗೆ ಮಾತ್ರ ಸಂದೇಶ ಕಳಿಸಿ ನಡೆಸುವ ಕಛೇರಿಗಳವು. ಹಣ ಕಟ್ಟುವ ಮೊದಲು ಮೂರು ಮಾತು ಕೇಳಿಕೊಳ್ಳಿ: ಕಳೆದ ವರ್ಷ ಎಷ್ಟು ಬೈಠಕ್ ನಡೆದವು, ಜೊತೆಗೆ ಒಬ್ಬರನ್ನು ಕರೆತರಬಹುದೇ, ಪತ್ರಿಕೆಯಲ್ಲಿ ಬರೆದ ಹೊತ್ತಿಗೆ ಶುರು ಮಾಡುತ್ತಾರೆಯೇ. ಮೂರನೆಯದಕ್ಕೆ ಉತ್ತರ ಕೊಡುವ ಮೊದಲು ಅವರು ನಕ್ಕರೆ, ಬಿಡಿ ಟಿಕೆಟ್ಟೇ ಸಾಕು.